ತಾಮ್ರದ ಎರಡು ನಾಣ್ಯ ತೊಳೆದ ಬಗ್ಗೆ

ಹೆಸರು ಮಹಾದೇವಕ್ಕ, ಗಂಡ ದಿವಂಗತ ಅಂದಾನೆಪ್ಪ ಪಾಟೀಲ, ವಯಸ್ಸು ಐವತ್ತೆರಡು, ಉದ್ಯೋಗ ಸ್ವಂತ ಭೂಮಿಯ ಒಕ್ಕಲುತನ, ಊರು ಹೊಸಕೇರಿಕೊಪ್ಪ, ಮಳಗಿಯಿಂದ ಎರಡೂವರೆ ಮೈಲು. ಧಾರವಾಡದಲ್ಲಿ ಹೈಸ್ಕೂಲಿನವರೆಗೆ ಓದಿದ್ದೇನೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಪೊಲೀಸ್ ಪಾಟೀಲಕಿ ಇದೆ. ಈಗ ನನ್ನ ಮೈದುನ ನಡೆಸುತ್ತಾನೆ. ನಮ್ಮ ಕಟ್ಟೆಯ ಮೇಲೆ ಊರಿನವರು ಹೇಳಿಕೆ ಕೊಡುತ್ತ ಬಂದಿದ್ದಾರೆ. ನಾನು ಕೊಡುವುದು ಇದು ಎರಡನೆಯ ಸಲ. ಮೊದಲನೆಯದು ಸುಳ್ಳು. ಇಂದು ಯಾರ ಒತ್ತಾಯವೂ ಇಲ್ಲದೆ, ನನ್ನ ಬುದ್ಧಿಯಿಂದ ಬರೆಸುವುದೇನೆಂದರೆ:

ದಿನಾಂಕ 3-2-1941ರಂದು ಬೆಳಿಗ್ಗೆ ಸುಮಾರು ಹತ್ತು ಗಂಟೆಗೆ, ನಮ್ಮ ಹೊಸ ಕೊಟ್ಟಿಗೆಯ ಪಾಯ ಅಗೆಯುತ್ತಿದ್ದ ಲಮಾಣಿ ತಾಂಡೆಯ ಕೂಲಿ ಆಳು ಹೇಮಲಪ್ಪ, ವಯಸ್ಸು ಸುಮಾರು ನಲವತ್ತು, ಎರಡು ಹಳೆಯ ತಾಮ್ರದ ನಾಣ್ಯಗಳನ್ನು ತಂದು ನನ್ನ ಮುಂದೆ ಇಟ್ಟನು. ಪಾಯದಿಂದ ನನ್ನ ಬಾಗಿಲಿಗೆ ನೂರ ಹತ್ತು ಹೆಜ್ಜೆ. ಆ ಹೊತ್ತಿನಲ್ಲಿ ಅಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಇಟ್ಟುಕೊಂಡಿದ್ದರೆ ನನಗೆ ತಿಳಿಯುತ್ತಿರಲಿಲ್ಲ. ನಾಣ್ಯಗಳಿಗೆ ದಪ್ಪನೆಯ ಹಸಿರು ಕಿಲುಬು ಹಿಡಿದಿತ್ತು. ಎರಡರ ಮೇಲೂ ಹಿಂದಕ್ಕೆ ತಿರುಗಿ ನೋಡುವ ಸಿಂಹದ ಆಕಾರ ಎದ್ದು ಕಾಣುತ್ತಿತ್ತು. ಸಂಜೆ ನಾಲ್ಕಕ್ಕೆ ಮೈದುನನು ಪಂಚನಾಮೆ ಬರೆದು, ಅದರಲ್ಲಿ ಹಸಿರನ್ನೂ ಸಿಂಹವನ್ನೂ ನಮೂದಿಸಿ, ನೆಲದಲ್ಲಿ ಸಿಕ್ಕದ್ದು ಸರಕಾರದ್ದೆಂದು ತಾಲೂಕು ಕಚೇರಿಗೆ ಕಳಿಸುವವರೆಗೆ ನಾಣ್ಯಗಳನ್ನು ನನ್ನ ತಿಜೋರಿಯಲ್ಲಿ ಇಡಿಸಿದನು.

5ನೆಯ ತಾರೀಖು ಮುಂಜಾನೆ, ಪಾತ್ರೆಗಳಿಗೆ ಕಲಾಯಿ ಹಾಕುವ ಗನಿಸಾಬ ನಮ್ಮಲ್ಲಿಗೆ ಬಂದಿದ್ದನು. ಪಂಚನಾಮೆಗೆ ಸಾಕ್ಷಿ ಹಾಕಿದ ಶಾಲೆಯ ಮಾಸ್ತರ ಬಸಲಿಂಗಯ್ಯನವರೂ ಇದ್ದರು. ನಾನು ತೆಗೆದು ತೋರಿಸಿದ ನಾಣ್ಯಗಳನ್ನು ನೋಡಿ ಗನಿಸಾಬನು, ಇದನ್ನ ಹಿಂಗ ಕಳಸ್ತೀರೇನ್ರಿ ಅವ್ವಾರ, ಸಾಹೇಬರು ಕೈಯಾಗ ಸುದ್ದಾ ಹಿಡಿಯೂದಿಲ್ಲ, ಹುಣಸಿಹುಳಿ ಉಪ್ಪು ಕೊಡ್ರಿ, ಊಟದ ಹೊತ್ತಿಗೆ ಬಂಗಾರದಂಗ ಮಾಡಿ ಕೊಡ್ತೇನಿ ಎಂದನು. ಮಾಸ್ತರರು ತಡೆದು, ಬಲ್ಲವರು ನೋಡುವುದೇ ಆ ಹಸಿರನ್ನು, ತೊಳೆದರೆ ಚೆಲುವೂ ಹೋಯಿತು ಬೆಲೆಯೂ ಹೋಯಿತು ಎಂದರು. ಹಂಗಾದ್ರ ನೀವೂ ಜಳಕಾ ಬಿಟ್ಟಬಿಡ್ರಿ ಮಾಸ್ತರ, ನೋಡಾಕ ಮಂದಿ ಬರ್ತಾರ ಎಂದು ಗನಿಸಾಬ ನಕ್ಕನು. ಅದಕ್ಕೆ ಮಾಸ್ತರರು, ಜಳಕಾ ಮಾಡಿದ್ರ ನನ್ನ ಮೂಗು ನೀರಾಗ ಹೋಗೂದಿಲ್ಲೋ, ಆ ಸಿಂಹದ್ದು ಹೋಗ್ತೈತಿ, ಒಳಗ ತಾಮ್ರ ಎಲ್ಲಾ ತಿಂದು ಹೋಗೈತಿ, ಸಿಂಹ ಉಳದದ್ದು ಬರೇ ಕಿಲುಬಿನಾಗ ಎಂದರು.

ಮಾಸ್ತರರ ಮಾತೇ ಸರಿಯೆಂದೂ, ನಾಣ್ಯಕ್ಕೆ ಕೈ ಹಚ್ಚಿದವರು ಮತ್ತೆ ಈ ಮನೆಯ ಮೆಟ್ಟಿಲು ಹತ್ತಕೂಡದೆಂದೂ ನಾನು ಎಲ್ಲರ ಎದುರಿಗೆ ಅಪ್ಪಣೆ ಮಾಡಿದೆನು.

6ನೆಯ ತಾರೀಖು ಮಧ್ಯಾಹ್ನ ಎರಡೂವರೆಗೆ ಹಿತ್ತಲಲ್ಲಿ ಪೂಜೆಯ ತಂಬಿಗೆಗಳನ್ನು ತೊಳೆಯುತ್ತಿದ್ದೆನು. ಆ ಕೆಲಸವನ್ನು ನಾನು ಸೊಸೆಯರಿಗೆ ಬಿಡುವುದಿಲ್ಲ. ತೊಳೆದಿಟ್ಟ ತಾಮ್ರದ ನಡುವೆ ಕುಳಿತಾಗ, ಪಾಟೀಲರ ಮನೆಯಿಂದ ಹೊಲಸು ಸಾಮಾನು ಬಂತೆಂದು ಕಚೇರಿಯ ಕಾರಕೂನರು ಆಡಿಕೊಳ್ಳುತ್ತಾರೆ ಎನಿಸಿತು. ತಿಜೋರಿಯಿಂದ ಒಂದು ನಾಣ್ಯ ತಂದು, ಉಪ್ಪು ಬೆರೆಸಿದ ಹುಣಸೆಹುಳಿಯಲ್ಲಿ ಕಾಲು ತಾಸು ನೆನೆಸಿ, ಬೂದಿ ಹಚ್ಚಿ ತೆಂಗಿನ ನಾರಿನಿಂದ ತಿಕ್ಕಿದೆನು. ಹಸಿರು ಪದರ ಪದರಾಗಿ ಎದ್ದು ನೀರಿಗೆ ಹೋಯಿತು. ಕೈಯಲ್ಲಿ ಉಳಿದದ್ದು ಕೆಂಪಗೆ ಹೊಳೆಯುವ, ಅಲ್ಲಲ್ಲಿ ತಗ್ಗು ಬಿದ್ದ ಒಂದು ಬಿಲ್ಲೆ. ಸಿಂಹ ಇರಲಿಲ್ಲ. ಆ ನೀರನ್ನು ಬಟ್ಟೆಯಲ್ಲಿ ಸೋಸಿ ನೋಡಿದೆನು. ಇದನ್ನು ಯಾರೂ ಕಂಡಿಲ್ಲ, ನಾನು ಯಾರಿಗೂ ಹೇಳಲಿಲ್ಲ.

7ನೆಯ ತಾರೀಖು ಬೆಳಿಗ್ಗೆ ಆರು ಗಂಟೆಗೆ ಎರಡನ್ನೂ ಬಿಳಿ ಬಟ್ಟೆಯಲ್ಲಿ ಕಟ್ಟಿ, ಹೇಮಲಪ್ಪನ ಕೈಯಲ್ಲಿ ಹತ್ತು ಮೈಲು ದೂರದ ಕಚೇರಿಗೆ ಕಳಿಸಿದೆನು. ಅರಗಿನ ಮುದ್ರೆ ಹಾಕಲಿಲ್ಲ. ನನ್ನ ಮನೆಯ ಗಂಟಿಗೆ ಮುದ್ರೆ ಬೇಕಾದೀತೆಂದು ನನಗೆ ತೋಚಿರಲಿಲ್ಲ. ಹನ್ನೊಂದೂವರೆಗೆ ಗಂಟು ಬಿಚ್ಚಿದಾಗ ಒಂದು ನಾಣ್ಯ ಪಂಚನಾಮೆಯಂತೆ ಇತ್ತು, ಇನ್ನೊಂದು ಬೋಳು ಬಿಲ್ಲೆ. ಹೇಮಲಪ್ಪನ ಹೆಂಡತಿ ಭೀಮಿಬಾಯಿಯ ಕೊರಳಲ್ಲಿ ಇಂಥ ತಾಮ್ರದ ಬಿಲ್ಲೆಗಳ ಸರವಿದೆ. ಆದ್ದರಿಂದ ಅವನು ದಾರಿಯಲ್ಲಿ ಸಿಂಹದ ನಾಣ್ಯ ತೆಗೆದು ಸರದ ಬಿಲ್ಲೆ ಇಟ್ಟನೆಂದು ಸಂಶಯಪಟ್ಟು ಅವನನ್ನು ಠಾಣೆಯಲ್ಲಿ ಕೂಡಿಸಿದರು.

8ನೆಯ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ಫೌಜದಾರರು ನಮ್ಮ ಕಟ್ಟೆಗೆ ಬಂದು, ನಾಣ್ಯಗಳು ಮನೆ ಬಿಟ್ಟಾಗ ಹೇಗಿದ್ದವೆಂದು ಕೇಳಿದರು. ನನ್ನ ಅಪ್ಪಣೆ ಕೇಳಿದವರೆಲ್ಲ ಅಲ್ಲಿ ನಿಂತಿದ್ದರು. ಪಂಚನಾಮೆಯಲ್ಲಿ ಬರೆದ ಹಾಗೆಯೇ ಇದ್ದವು ಎಂದು ಹೇಳಿ ಸಹಿ ಮಾಡಿದೆನು. ಅದೇ ದಿನ ಭೀಮಿಬಾಯಿಯ ಸರವನ್ನು ಜಪ್ತಿ ಮಾಡಿಕೊಂಡು ಹೋದರು.

9ನೆಯ ತಾರೀಖು ಬೆಳಿಗ್ಗೆ ಏಳಕ್ಕೆ ಭೀಮಿಬಾಯಿ ಬಂದು ನಮ್ಮ ಮೆಟ್ಟಿಲ ಮೇಲೆ ಕುಳಿತಳು. ಏಳು, ಮನೆಗೆ ನಡಿ ಎಂದೆನು. ಅವಳು ಏಳದೆ, ಬೋಳು ಕೊರಳು ನೋಡಿ ತಾಂಡೆದಾಗ ನಗ್ತಾರ, ನಗಲಿ ಬಿಡ್ರಿ, ಗಂಟು ಕಟ್ಟಿದವ್ರು ನೀವು, ಬಿಚ್ಚಿದವರು ಕಚೇರಿಯವರು, ನಡುವ ನನ್ನ ಗಂಡ ಏನ ಮಾಡ್ಯಾನ್ರಿ ಅವ್ವಾರ, ಹೊತ್ಕೊಂಡು ನಡದಾನ, ಅಷ್ಟ ಎಂದಳು. ರೊಟ್ಟಿ ಕಳಿಸಿದೆನು, ಮುಟ್ಟಲಿಲ್ಲ. ಬಾಗಿಲು ಹಾಕಿಸಿದೆನು. ಹಾಕಿದ ಮೇಲೂ ಅವಳ ಕೆಮ್ಮು ಕೇಳುತ್ತಿತ್ತು. ಒಳಗೆ ಹೋದರೆ ಸೊಸೆಯರು, ಹೊರಗೆ ಬಂದರೆ ಅವಳು. 10ನೆಯ ತಾರೀಖೂ ಹೀಗೆಯೇ ಕಳೆಯಿತು. ಎರಡು ದಿನ ನಾನು ಪಡಸಾಲೆ ಮತ್ತು ದೇವರ ಕೋಣೆಯ ನಡುವಿನ ಹನ್ನೆರಡು ಹೆಜ್ಜೆಯಲ್ಲೇ ಓಡಾಡಿದೆನು.

11ನೆಯ ತಾರೀಖು ಹನ್ನೊಂದು ಗಂಟೆಗೆ ಗಾಡಿ ಕಟ್ಟಿಸಿಕೊಂಡು ಠಾಣೆಗೆ ಬಂದು, ನಾಣ್ಯ ತೊಳೆದವಳು ನಾನು, ನನ್ನ ಹೇಳಿಕೆ ಸುಳ್ಳು ಎಂದು ತಿಳಿಸಿದೆನು. ಫೌಜದಾರರು ಎದ್ದು ಕುರ್ಚಿ ಕೊಟ್ಟು, ಹುಣಸಿಹುಳಿಗೆ ಸಿಂಹ ಓಡಿ ಹೋಗ್ತೈತೇನ್ರಿ ಅವ್ವಾರ, ನೀವು ಸುಳ್ಳಿಗೆ ಸಹಿ ಮಾಡೂ ಮನೆತನದವರಲ್ಲ, ಆಳಿನ ಮ್ಯಾಲಿನ ಕರುಣಾ ನಿಮ್ಮ ಬಾಯಿಲೆ ಇದನ್ನ ಆಡಸಾಕತ್ತೈತಿ ಎಂದು ನಕ್ಕರು. 13ನೆಯ ತಾರೀಖು ಅವನನ್ನು ಕೋರ್ಟಿಗೆ ಕಳಿಸುವುದಾಗಿ ಹೇಳಿದರು. ಕಂಬಿಯ ಆಚೆ ಕುಳಿತಿದ್ದ ಹೇಮಲಪ್ಪ ಇದನ್ನೆಲ್ಲ ಕೇಳಿ, ಬ್ಯಾಡ್ರಿ ಅವ್ವಾರ, ನನ್ನ ಸಲುವಾಗಿ ನೀವು ಸುಳ್ಳ ಹೇಳಬ್ಯಾಡ್ರಿ ಎಂದನು.

ನಾನು ಗಾಡಿ ಹತ್ತಿ ಮನೆಗೆ ಹೋದೆನು.

ಇಂದು 12ನೆಯ ತಾರೀಖು ಮಧ್ಯಾಹ್ನ ಎರಡು ಗಂಟೆಗೆ ಬಸಲಿಂಗಯ್ಯ ಮಾಸ್ತರರನ್ನು ಕರೆದುಕೊಂಡು ಪುನಃ ಠಾಣೆಗೆ ಬಂದೆನು. ಜೊತೆಗೆ ಮುಚ್ಚಳದ ಪಾತ್ರೆಯಲ್ಲಿ ಉಪ್ಪು ಬೆರೆಸಿದ ಹುಳಿ, ಬೂದಿ ಮತ್ತು ನಾರು ತಂದಿದ್ದೆನು. ಗುರುತಿಸಬೇಕಾಗಿದೆ, ಹಸಿರು ನಾಣ್ಯವನ್ನು ತೋರಿಸಿ ಎಂದು ಕೇಳಿದೆನು. ಮೇಜಿನ ಮೇಲೆ ಕಾಗದ ಹಾಸಿ ಇಟ್ಟರು. ಕಿಟಕಿಯ ಬೆಳಕಿನಲ್ಲಿ ಅದರ ಬಣ್ಣ ಭತ್ತದ ಸಸಿಯ ಹಾಗಿತ್ತು. ಸಿಂಹದ ಮುಖ ನನ್ನ ಕಡೆಗೆ ತಿರುಗಿತ್ತು. ಎರಡು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಅದನ್ನು ಎತ್ತಿ ಹುಳಿಯಲ್ಲಿ ಹಾಕಿ, ಪಾತ್ರೆಯ ಬಾಯಿಗೆ ಅಂಗೈ ಮುಚ್ಚಿದೆನು. ಮಾಸ್ತರರು, ಅಕ್ಕಾರ, ಉಳದದ್ದು ಅದೊಂದ ಐತ್ರಿ ಎಂದು ಕೂಗಿದರು. ಪೇದೆ ಎರಡು ಹೆಜ್ಜೆ ಮುಂದೆ ಬಂದು ನಿಂತನು. ಪಾಟೀಲರ ಮನೆಯವಳ ಕೈ ಹಿಡಿಯಲು ಅಲ್ಲಿ ಯಾರಿಗೂ ಧೈರ್ಯ ಬರಲಿಲ್ಲ. ಗಡಿಯಾರ ನೋಡಿಕೊಳ್ಳಿರಿ ಎಂದು ನಾನೇ ಫೌಜದಾರರಿಗೆ ಹೇಳಿದೆನು.

ಕಾಲು ತಾಸಿನ ಮೇಲೆ ತೆಗೆದು, ಎಲ್ಲರೂ ನೋಡುತ್ತಿರುವಾಗ ತಿಕ್ಕಿದೆನು. ಮೊದಲು ಬಾಲ ಹೋಯಿತು, ನಂತರ ಬೆನ್ನು, ಕಡೆಗೆ ಮುಖ. ಮಾಸ್ತರರು ಗೋಡೆಯ ಕಡೆ ತಿರುಗಿ ನಿಂತಿದ್ದರು. ಒರೆಸಿ, ಮೊದಲಿನದರ ಪಕ್ಕಕ್ಕೆ ಇಟ್ಟೆನು. ಯಾವುದು ಯಾವುದೆಂದು ಫೌಜದಾರರಿಗೆ ಹೇಳಲಾಗಲಿಲ್ಲ. ನನಗೂ ಆಗಲಿಲ್ಲ.

ಮೊದಲ ನಾಣ್ಯವನ್ನು ನಾನು ಮನೆಯ ಹೆಸರಿಗಾಗಿ, ಮಾಸ್ತರರ ಮಾತು ಕೇಳಿಯೂ ನಂಬದೆ ಹಾಳು ಮಾಡಿದೆನು. ಎರಡನೆಯದನ್ನು ತಿಳಿದೇ ಹಾಳು ಮಾಡಿದ್ದೇನೆ. ಅದು ಸರಕಾರಕ್ಕೆ ಸೇರಿದ ವಸ್ತುವೆಂದೂ, ಇದು ಠಾಣೆಯೊಳಗೇ ಆದ ಗುನ್ಹೆಯೆಂದೂ ಗೊತ್ತಿದೆ. ಶಿಕ್ಷೆ ಏನಿದ್ದರೂ ನನ್ನ ಹೆಸರಿಗೆ ಬರೆಯತಕ್ಕದ್ದು.

ಹೇಮಲಪ್ಪನನ್ನು ಬಿಡುವ ಮೊದಲು ಇದಕ್ಕೆ ಸಹಿ ಮಾಡುವುದಿಲ್ಲ ಎಂದೆನು. ಮೂರು ಗಂಟೆ ನಲವತ್ತು ನಿಮಿಷಕ್ಕೆ ಅವನನ್ನು ಬಿಟ್ಟು, ಸರವನ್ನು ಅವನ ಕೈಗೆ ಕೊಟ್ಟರು. ಅವನು ನನಗೆ ಕೈ ಮುಗಿಯದೆ ಹೊರಗೆ ಹೋದನು.

ಬರೆದದ್ದನ್ನು ನಾನೇ ಓದಿ ನೋಡಿದ್ದೇನೆ. ಹೇಳಿದ್ದಕ್ಕಿಂತ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನು ರಸ್ತೆಯ ತಿರುವು ದಾಟುವವರೆಗೆ ಕಿಟಕಿಯಲ್ಲಿ ನಿಂತು ನೋಡಿ, ನಂತರ ಬಂದು ಸಹಿ ಮಾಡಿದ್ದೇನೆ.

ಸ್ಥಳ: ಠಾಣೆಯ ಪಡಸಾಲೆ
ದಿನಾಂಕ: 12-2-1941, ಸಂಜೆ 4 ಗಂಟೆ
ಸ್ವಂತ ಕೈಯ ಸಹಿ: ಮಹಾದೇವಕ್ಕ ಅಂದಾನೆಪ್ಪ ಪಾಟೀಲ