ಅಮ್ಮನ ನಂಬರು

ಬೊಜ್ಜು ಕರಗಿಸಲು ಚಿಕ್ಕ ತಟ್ಟೆ ಒಳ್ಳೆಯದೋ, ಫೋನ್ ಒಳ್ಳೆಯದೋ ಎಂಬ ಘನಗಂಭೀರ ಪ್ರಶ್ನೆ ಆಸ್ಪತ್ರೆಯ ಬೆಂಚಿನ ಮೇಲೆ ಇತ್ಯರ್ಥಕ್ಕೆ ಬಂದಿತ್ತು. ವಾದಿಸುತ್ತಿದ್ದವರು ಅಕ್ಕ ತಂಗಿ. ಪಕ್ಕದಲ್ಲಿದ್ದ ದರ್ಜಿಯೊಬ್ಬ ಪೇಪರ್ ಓದುವವನಂತೆ ಕಿವಿ ನಿಮಿರಿಸಿ ಕೂತಿದ್ದ.

“ನಮ್ಮ ಡಾಕ್ಟ್ರು ಚಿಕ್ಕ ತಟ್ಟೇಲಿ ತಿನ್ನಿ ಅಂದ್ರು. ನಾಲ್ಕು ಸಲ ಬಡಿಸ್ಕೊಂಡೆ,” ಎಂದಳು ಅಕ್ಕ.

“ನನ್ನ ಡಾಕ್ಟ್ರು, ತಿನ್ನೋ ಆಸೆ ಬಂದಾಗ ಬೇಕಾದವರಿಗೆ ಫೋನ್ ಮಾಡಿ ಅಂದ್ರು,” ಎಂದಳು ತಂಗಿ. “ ನಾನು ಅಮ್ಮಂಗೇ ಮಾಡ್ತೀನಿ.”

“ಗೊತ್ತು ಕಣೇ. ಅಮ್ಮ ಹೋದಾಗಿಂದ ಆ ಫೋನ್ ನನ್ನ ಹತ್ರಾನೇ ಇದೆಯಲ್ಲ.”

“ಮತ್ತೆ ಎತ್ತಬಾರದಾ?”

“ಎತ್ತಿದ್ರೆ ಅಮ್ಮನ ದನಿ ಬದಲು ನನ್ನ ದನಿ ಕೇಳ್ಸುತ್ತಲ್ಲೇ.”

“ಅದು ಬಡ್ಕೊಳ್ತಿದ್ರೆ ಏನ್ ಮಾಡ್ತೀಯ?”

“ಅಡುಗೆಮನೆಗೆ ಹೋಗ್ತೀನಿ.”

ನರ್ಸ್ ಕರೆದಳು. ಇಬ್ಬರೂ ಎದ್ದು ತೂಕದ ಯಂತ್ರದತ್ತ ನಡೆದರು. ತಂಗಿಯ ತೂಕ ಇಳಿದಿತ್ತು, ಅಕ್ಕನದು ಏರಿತ್ತು.