ಕಾರಿನ ಮೂತಿಯ ನೀಲಿ ಬಿಲ್ಲೆ

ಇವತ್ತು ಬಹಳ ಗಂಭೀರವಾದ ವಿಷಯವೊಂದನ್ನು ಎತ್ತಿಕೊಂಡಿದ್ದೇನೆ. ಜೀವ, ಜಗತ್ತು, ಈಶ್ವರ ಮೂವರೂ ಸ್ವಲ್ಪ ಹೊತ್ತು ಕಾಯಲಿ. ವಿಷಯ ಏನೆಂದರೆ, ಒಂದು ಹಳೆಯ ಕಾರಿನ ಮೂತಿಯ ಮೇಲಿದ್ದ ಎರಡು ಬೆರಳಗಲದ ಹಿತ್ತಾಳೆ ಬಿಲ್ಲೆಯಲ್ಲಿ ಅಕ್ಕಿಕಾಳಿನಷ್ಟು ನೀಲಿ ಎದ್ದುಹೋಗಿತ್ತು. ನಗಬೇಡಿ ತಾಯಂದಿರೇ.

ಒಂದು ಪೇಟೆಯಲ್ಲಿ ಒಬ್ಬ ಸಾಹುಕಾರನಿದ್ದ. ಆ ಕಾರು ಅವನ ಅಪ್ಪನದು. ಅದು ಯಾರಿಗೆ ಸೇರಬೇಕೆಂಬ ಜಗಳದಲ್ಲೇ ಅಣ್ಣ ಮನೆಬಿಟ್ಟು ಹನ್ನೊಂದು ವರ್ಷವಾಗಿತ್ತು. ಈಗ ಅದೇ ಅಣ್ಣ ಹೇಳಿಕಳಿಸಿದ್ದ: "ಭಾನುವಾರ ಬೆಳಿಗ್ಗೆ ನಿಮ್ಮೂರಿನ ಮೇಲೆ ಹೋಗ್ತಿದ್ದೀನಿ. ಒಂದು ಗಂಟೆ ಇರ್ತೀನಿ. ಅಪ್ಪನ ಕಾರಲ್ಲಿ ಒಂದ್ಸಲ ಕೂರ್ಬೇಕು."

ಸಾಹುಕಾರನಿಗೆ ಕಣ್ಣು ತುಂಬಿತು. ತುಂಬಿದ ಕಣ್ಣಲ್ಲೇ ಹೋಗಿ ಕಾರನ್ನು ನೋಡಿದರೆ, ಬಿಲ್ಲೆ! ಬಣ್ಣ ಹೋದದ್ದು ಹೇಗೆ ಗೊತ್ತೇ? ಪ್ರತಿ ಆಯುಧಪೂಜೆಗೂ ಅವನೇ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದ. ಹಿತ್ತಾಳೆ ಹೊಳೆಯಿತು, ಬಣ್ಣ ಕಿತ್ತುಬಂತು. ಭಕ್ತಿ ಹೆಚ್ಚಾದರೆ ಹಾಗೇ ನೋಡಿ. ಅಪ್ಪನ ವಸ್ತುವನ್ನು ಹಾಳುಮಾಡಿದ ಅಂತ ಅಣ್ಣ ಅಂದುಬಿಟ್ಟರೆ? ಅಲ್ಲಿಂದ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಹಳೆಯ ಬಿಲ್ಲೆಗಳಿಗೆ ಬಣ್ಣ ಕೂರಿಸುವ ಕುಶಲಕರ್ಮಿಯೊಬ್ಬ ಸಿಕ್ಕಿದ. ಬಣ್ಣದ ಗಾಜಿನ ಪುಡಿ ತುಂಬಬೇಕು, ಕುಲುಮೆಯಲ್ಲಿ ಕರಗಿಸಬೇಕು, ಆಮೇಲೆ ಅಲ್ಲೇ ತಾನಾಗಿ ಆರಲು ಬಿಡಬೇಕು. ಕೊನೆಯದೇ ಕಷ್ಟದ ಕೆಲಸ. ಭಾನುವಾರ ಬೆಳಿಗ್ಗೆ ಸಾಹುಕಾರ ಅಂಗಡಿಯಲ್ಲೇ ಹಾಜರು.

"ಇನ್ನೆಷ್ಟು ಹೊತ್ತಪ್ಪಾ?"

"ಈಗ ತಾನೇ ಕೇಳಿದ್ರಲ್ಲ ಯಜಮಾನ್ರೇ."

"ಕೇಳಿ ಸ್ವಲ್ಪ ಹೊತ್ತಾಯ್ತಲ್ಲ!"

"ನೀವು ಮನೆಗೆ ನಡೀರಿ. ಆರಿದ್ಮೇಲೆ ನಾನೇ ತಂದು ಕೂರಿಸ್ತೀನಿ."

ಅಷ್ಟರಲ್ಲಿ ಹೆಂಡತಿಯ ಫೋನು. "ಭಾವ ಬಂದಿದ್ದಾರೆ, ಬನ್ರೀ."

"ಕಾಫಿ ಕೊಡು. ಹತ್ತೇ ನಿಮಿಷ."

ಹತ್ತಾಯಿತು, ಇಪ್ಪತ್ತಾಯಿತು. ಕುಶಲಕರ್ಮಿ ಕೈ ತೊಳೆಯಲು ಹಿತ್ತಲಿಗೆ ಹೋದದ್ದೇ ತಡ, ಸಾಹುಕಾರ ಇಕ್ಕಳದಲ್ಲಿ ಬಿಲ್ಲೆಯನ್ನು ಹೊರಗೆಳೆದು, ಬಿಸಿ ಹಾಲಿಗೆ ಊದಿದ ಹಾಗೆ ಉಫ್ ಎಂದು ಊದಿದ. ಟಿಣ್! ನೀಲಿಯ ನಡುವೆ ಬಿರುಕು.

"ಏನ್ ಮಾಡಿದ್ರಿ ಸ್ವಾಮಿ! ಇನ್ನು ಮೊದಲಿಂದ ಆಗ್ಬೇಕು."

ಈಗಲಾದರೂ ಮನೆಗೆ ಓಡಬೇಕಿತ್ತೋ ಬೇಡವೋ, ನೀವೇ ಹೇಳಿ. ಅವನು "ಹಾಗಾದ್ರೆ ಬೇಗ ಶುರುಮಾಡು" ಎಂದು ಮತ್ತೆ ಸ್ಟೂಲಿನ ಮೇಲೆ ಕೂತ.

ಮಧ್ಯಾಹ್ನ ಬಿಲ್ಲೆ ಹಿಡಿದು ಮನೆಗೆ ಬಂದಾಗ ಜಗಲಿಯಲ್ಲಿ ಹೆಂಡತಿ ಒಬ್ಬಳೇ ಇದ್ದಳು. "ಕಾರಲ್ಲಿ ಕೂತಿದ್ರು. ನಾಲ್ಕು ಸಲ ನಿಮ್ಮನ್ನ ಕೇಳಿದ್ರು. ಬಸ್ಸಿಗೆ ಹೊತ್ತಾಯ್ತು ಅಂತ ಹೊರಟ್ರು."

"ಬಿಲ್ಲೆ ಎಲ್ಲಿ ಅಂದ್ರಾ?"

"ಬಿಲ್ಲೆನಾ? ಅಲ್ಲೊಂದು ಬಿಲ್ಲೆ ಇತ್ತು ಅನ್ನೋದೇ ಅವರಿಗೆ ನೆನಪಿಲ್ಲ ಕಣ್ರೀ."

ಸಾಹುಕಾರನ ಮೇಲೆ ಸಿಟ್ಟು ಬಂತಲ್ಲವೇ? ಅದನ್ನು ಪೂರ್ತಿ ಖರ್ಚುಮಾಡಬೇಡಿ, ನಮಗೂ ಸ್ವಲ್ಪ ಉಳಿಸಿಕೊಳ್ಳೋಣ. ನೆಂಟರು ಬಾಗಿಲಲ್ಲಿ ನಿಂತಿರುವಾಗ ದಿವಾನದ ಹೊದಿಕೆ ಬದಲಿಸಲು ಒಳಗೋಡುವವರು ನಾವೇ. ತಪ್ಪಾಯಿತು ಎನ್ನಲು ಒಳ್ಳೆಯ ಮಾತು ಹುಡುಕುತ್ತಾ ವರ್ಷಗಟ್ಟಲೆ ಸುಮ್ಮನಿರುವವರೂ ನಾವೇ. ಇನ್ನು ಮೇಲೆ ಯಾರಾದರೂ ಬಂದರೆ ಮೊದಲು ಅವರ ಎದುರಿಗೆ ಹೋಗಿ ಕೂತುಕೊಳ್ಳಿ. ಹೊದಿಕೆ ಹರಿದಿದ್ದರೆ ಹರಿದಿರಲಿ. ಮಾತು ತೊದಲಿದರೆ ತೊದಲಲಿ. ಕೂತುಕೊಳ್ಳಿ, ಅಷ್ಟೇ.

ಬಿಲ್ಲೆ ಬಹಳ ಚೆನ್ನಾಗಿ ಬಂದಿತ್ತು. ಅಣ್ಣ ಮತ್ತೆ ಬರಲಿಲ್ಲ.