ಬಸಲಿಂಗವ್ವ ಹಾಕಿದ ಕೊಂಡಿ

ಸುಳ್ಳನಿಸಿದ್ರ ಎದ್ದು ಹೋಗ್ರಿ, ನಾ ಬ್ಯಾಡನ್ನಂಗಿಲ್ಲ. ನಮ್ಮ ಕಾಕಾನ ಮಗ ಶಿವಪ್ರಕಾಶಗ ಆದದ್ದಿದು. ಇಳಕಲ್ಲಿನ ಒಂದು ದವಾಖಾನ್ಯಾಗ ವಾರ್ಡ್‌ಬಾಯ್ ಇದ್ದ. ಆ ರಾತ್ರಿ ಪಾಳಿ ಬಿಟ್ಟು ನೇಕಾರ ಓಣಿ ಬಾವಿ ಹಾದು ಮನಿಗೆ ಹೊಂಟಾನ... ಬಾವಿಯೊಳಗಿಂದ ಮಗ್ಗದ ಸಪ್ಪಳ. ಖಟ್... ಪಟ್... ಖಟ್...

ಯಾರಂತ ಅಂವಗ ತಿಳೀತು.

ಅದರ ಹಿಂದಿನ ವಾರ ವಾರ್ಡಿನ್ಯಾಗ ಬಸಲಿಂಗವ್ವ ಅನ್ನೋ ಮುದುಕಿ ಇದ್ಲು. ಸೊಂಟ ಮುರಿದು ಬಂದಾಕಿ. ರಾತ್ರಿ ಆತಂದ್ರ ಭ್ರಮಿ ಹಿಡಿದು, ಗಾಳ್ಯಾಗ ಬೆರಳಾಡಸಾಕಿ. ಮಹೇಶ್ವರಿ ಸಿಸ್ಟರ್ ದಿನಾ ಸಂಜಿಗೆ ವಯಸ್ಸಾದವರ ಬಾಜೂಕ ಕುಂತು, ಹೆಸರು ಹಿಡಿದು ಕರದು, "ಇದು ದವಾಖಾನಿ ಐತವ್ವಾ, ಅಂಜಬ್ಯಾಡ" ಅಂತ ಹೇಳಿ, ಕಣ್ಣಿಗೆ ಚಾಳೀಸು ಹಾಕಿ, ಸಣ್ಣ ದೀಪ ಬಿಟ್ಟು ಹೋಗಾಕಿ. ಆ ಸಂಜಿ ಸಿಸ್ಟರ್ ಈ ಮುದುಕಿ ಕೈಯಾಗ ಒಂದಿಷ್ಟು ನೂಲು ಕೊಟ್ಲು. ಜೀವನಪೂರ್ತಿ ಮಗ್ಗದ ಮ್ಯಾಲೆ ಸೀರಿ ಮೈ ನೂಲಿಗೆ ಸೆರಗಿನ ನೂಲು ಕೊಂಡಿ ಹಾಕಿ ಹಾಕಿ ಸವದ ಬೆರಳವು. ನೂಲು ಸಿಕ್ಕಿದ್ದ ತಡ, ಕೂಸಿನಂಗ ಸುಮ್ಮನಾದ್ಲು.

"ಆಕಿ ಸಲಾಯನ್ ಕೀಳಾಕತ್ತಿಲ್ಲ ಶಿವಪ್ರಕಾಶ, ಕೊಂಡಿ ಹಾಕಾಕತ್ತಾಳ. ಕೈ ಕಟ್ಟಬ್ಯಾಡ. ನೂಲು ಬಿದ್ರ ಎತ್ತಿ ಕೊಡು, ಅಷ್ಟ" ಅಂತ ಸಿಸ್ಟರ್ ಹೇಳೇ ಹೋದ್ಲು.

ಇಂವಗ ನಿದ್ದಿ ದೊಡ್ಡದಾತು. ನೂಲು ಬಿತ್ತು, ಮುದುಕಿ ಒದರಿದ್ಲು. ಇಂವ ನೂಲು ಕಸದ ಡಬ್ಬಿಗೆ ಒಗದು, ಬ್ಯಾಂಡೇಜಿನಿಂದ ಎರಡೂ ಕೈ ಕಾಟಿಗೆ ಬಿಗದು, ದೀಪ ಆರಿಸಿ ಮಲಗಿದ.

"ತಮ್ಮಾ... ಬಿಚ್ಚೋ... ಎಳಿ ಹರೀತಾವ..."

ಕೇಳಿಸ್ತು. ಮಗ್ಗಲು ಬದಲಿಸಿದ.

ನಸುಕಿನ್ಯಾಗ ಮುದುಕಿ ಜೀವ ಬಿಟ್ಟಿದ್ಲು. ಅವಸರದಾಗ ಗಂಟು ಬಿಚ್ಚಿ, "ನಿದ್ದ್ಯಾಗ ಹೋದ್ರು" ಅಂದ. ಮುಂಗೈ ಮ್ಯಾಲೆ ಬ್ಯಾಂಡೇಜು ಬಿಗದ ಬರಿ ನೋಡಿ ಮಹೇಶ್ವರಿ ಗಳಗಳ ಅತ್ಲು, ದವಾಖಾನಿ ದೊಡ್ಡವರಿಗೂ ಹೇಳಿದ್ಲು. ಯಾರು ಕೇಳ್ತಾರ? ನನಗ ಈಗ್ಲೂ ಹೊಟ್ಟಿ ಉರೀತೈತಿ, ಅಂವ ನಮ್ಮ ರಕ್ತ ಆದ್ರೂ. ಮಂದಿ ಬಿಟ್ರು... ಮುದುಕಿ ಬಿಡಲಿಲ್ಲ.

ಆ ರಾತ್ರಿ ಬಾವಿ ಹತ್ರ ಬಂದಾಗ ಮಗ್ಗದ ಸಪ್ಪಳ ನಿಂತಿತು. ಕಿವಿ ಹಿಂದ ಪಿಸುಮಾತು.

"ತಮ್ಮಾ..."

"ಯಾ... ಯಾರು?"

"ಕೈ ಕೊಡು."

"ತಪ್ಪಾತು ಯವ್ವಾ, ಕಾಲಿಗೆ ಬೀಳ್ತೇನಿ!"

"ಕಾಲು ಬ್ಯಾಡ... ಕೈ ಕೊಡು."

ಸರ್ರ್... ರೇಶ್ಮಿ ಎಳದಂಥಾ ಸಪ್ಪಳ. ಬಲಗೈ ಬೆರಳು ಎಡಗೈ ಬೆರಳಿನ್ಯಾಗ ಒಂದೊಂದಾಗಿ ಕೊಂಡಿ ಬಿದ್ವು. ಓಡಿ ಬಂದು ಹಣಿಯಿಂದ ಬಾಗಿಲಾ ಬಡದ, ಧಪ್, ಧಪ್. ಹೆಂಡ್ತಿ ಕತ್ತರಿ ತಂದು ನೋಡ್ತಾಳ, ಕತ್ತರಿಸಾಕ ಏನೂ ಇಲ್ಲ. ನಾಕು ಮಂದಿ ಗಂಡಸರು ಎಳದ್ರೂ ಬಿಡಲಿಲ್ಲ. ಬಾಗಲಕೋಟಿ ಡಾಕ್ಟರು ಫೋಟೋ ತೆಗಸಿ, "ಎಲುಬು, ನರ ಎಲ್ಲಾ ಚಲೋ ಅದಾವ" ಅಂದ್ರು.

ಖರೆ ಹೇಳ್ತೇನಿ, ಮೊನ್ನೆ ಹುನಗುಂದ ಬಸ್ಸಿನ್ಯಾಗ ನನ್ನ ಬಾಜೂಕನ ಕುಂತಿದ್ದ. ಕೈ ಮ್ಯಾಲೆ ಟವೆಲ್ ಹಾಕ್ಕೊಂಡಿದ್ದ. ಕಂಡಕ್ಟರ್ ಬಂದ್ರ, ಬಾಯಿ ತೆರದ. ಕಂಡಕ್ಟರ್ ಟಿಕೆಟ್ ಅವನ ಹಲ್ಲಿನ ನಡುವ ಸಿಗಿಸಿ ಮುಂದ ಹೋದ.